ಮೂವರೂ ಎಡಕ್ಕೆ ಹೋದ ದಿನ

ಕಾಪುವಿನ ದೀಪಸ್ತಂಭದ ಹತ್ತಿರ, ಮರಳಿನ ಮೇಲೆ, ಭಾನುವಾರ ನಸುಕಿನ ಕರಾಟೆ ಅಭ್ಯಾಸ ಮುಗಿಸಿ ನಾವು ಬೆವರು ಒರೆಸಿಕೊಳ್ಳುತ್ತಿದ್ದಾಗ ಮಾಸ್ಟರು ಆ ಸುದ್ದಿ ಹೇಳಿದರು.

"ಫೆಬ್ರವರಿಯ ಮೊದಲ ಭಾನುವಾರ ಮಣಿಪಾಲದಲ್ಲಿ ಜಿಲ್ಲಾ ತಂಡದ ಆಯ್ಕೆ ಉಂಟು. ಈ ಸಲ ತಂಡದ ಕಟಾ ಕೂಡ ಉಂಟು. ಮೂರು ಜನ ಬೇಕು. ಮೂವರಿಗೂ ಕಂದು ಬೆಲ್ಟ್ ಆಗಿರಬೇಕು."

ನಮ್ಮ ಕ್ಲಾಸಿನಲ್ಲಿ ಕಂದು ಬೆಲ್ಟಿನವರು ಇದ್ದದ್ದೇ ಮೂವರು. ಹಾಗಾಗಿ ಮಾಸ್ಟರಿಗೆ ಆರಿಸುವ ಕೆಲಸವೇ ಇರಲಿಲ್ಲ. ನಮ್ಮನ್ನು ಒಮ್ಮೆ ನೋಡಿ, "ನೀವೇ ಗತಿ" ಎಂದರು. ಅವರು ಬ್ಯಾಂಕಿನಲ್ಲಿ ಗುಮಾಸ್ತರು. ಹೊಗಳುವಾಗಲೂ ಬೈಯುವಾಗಲೂ ಸ್ವರ ಬದಲಾಗದ ಮನುಷ್ಯ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಕಾರ್ಕಳದಿಂದ ಬೆಳ್ಮಣ್, ಶಿರ್ವ, ಕಟಪಾಡಿ ದಾಟಿ ಉಡುಪಿಗೆ ಹೋಗುವ ಒಂದು ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್. ಎರಡನೆಯವರು ಮಟ್ಟುವಿನಲ್ಲಿ ಗುಳ್ಳ ಬದನೆ ಬೆಳೆಯುವವರು, ನಮಗಿಂತ ಹತ್ತು ವರ್ಷ ದೊಡ್ಡವರು, ಎರಡು ಮಕ್ಕಳ ತಂದೆ. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. ಮೂರನೆಯವನು ಮಣಿಪಾಲದ ಅಚ್ಚುಕೂಟವೊಂದರಲ್ಲಿ ಕಂಪೋಸಿಟರ್. ಇಡೀ ದಿನ ಸೀಸದ ಅಕ್ಷರದ ಮೊಳೆಗಳನ್ನು ಒಂದೊಂದಾಗಿ ಹೆಕ್ಕಿ ಸಾಲು ಜೋಡಿಸುವ ಕೆಲಸ. ಮನೆಯಲ್ಲಿ ಕೊಂಕಣಿ, ನಮ್ಮೊಡನೆ ತುಳು, ಸಿಟ್ಟು ಬಂದರೆ ಮಾತ್ರ ಶುದ್ಧ ಪುಸ್ತಕದ ಕನ್ನಡ.

ಕಟಾ ಎಂದರೆ ಎದುರಾಳಿ ಇದ್ದಾನೆಂದು ಭಾವಿಸಿ, ಗೊತ್ತುಪಡಿಸಿದ ಕ್ರಮದಲ್ಲಿ ಮಾಡುವ ತಡೆ, ಹೊಡೆತ, ಹೆಜ್ಜೆಗಳ ಸರಣಿ. ಒಬ್ಬನೇ ಮಾಡುವಾಗ ಅದು ಅವನ ಪಾಡು. ತಂಡದ ಕಟಾದಲ್ಲಿ ಮೂವರು ತ್ರಿಕೋನವಾಗಿ ನಿಲ್ಲುತ್ತಾರೆ. ಒಬ್ಬ ಮುಂದೆ, ಇಬ್ಬರು ಹಿಂದೆ. ಯಾರೂ ಎಣಿಸುವಂತಿಲ್ಲ, ಕಣ್ಸನ್ನೆ ಮಾಡುವಂತಿಲ್ಲ. ಮೂರು ಮುಷ್ಟಿ ಒಂದೇ ಕ್ಷಣಕ್ಕೆ ಹೊರಟು ಒಂದೇ ಕ್ಷಣಕ್ಕೆ ನಿಲ್ಲಬೇಕು. ಮಂಗಳೂರಿನವರು ಇದನ್ನು ವರ್ಷಗಳಿಂದ ಮಾಡುತ್ತಿದ್ದರು. ನಾವು ನೋಡಿಯೂ ಇರಲಿಲ್ಲ.

ಮೊದಲ ತೊಂದರೆ ಸಮಯದ್ದು. ನಾನು ಬೆಳಗ್ಗೆ ಕಾರ್ಕಳ ಬಿಟ್ಟರೆ ಮತ್ತೆ ಅಲ್ಲಿಗೆ ಸೇರುವಾಗ ಸಂಜೆ. ಕಂಪೋಸಿಟರನಿಗೆ ಮಧ್ಯಾಹ್ನ ಎರಡರಿಂದ ಪಾಳಿ. ಅಣ್ಣನಿಗೆ ಬೆಳಗ್ಗೆ ಗದ್ದೆ, ಆಮೇಲೆ ಮಾರುಕಟ್ಟೆ. ಬಸ್ಸಿನಲ್ಲೇ ಲೆಕ್ಕ ಹಾಕಿದೆವು. ಅಣ್ಣ ಕಟಪಾಡಿಯಲ್ಲಿ ಗುಳ್ಳದ ಬುಟ್ಟಿ ಟಾಪಿಗೆ ಏರಿಸಿ ಹತ್ತುತ್ತಿದ್ದದ್ದೇ ನನ್ನ ಬಸ್ಸಿಗೆ. ಬಸ್ಸು ಉಡುಪಿಗೆ ಹನ್ನೊಂದಕ್ಕೆ ಮುಟ್ಟಿ ಒಂದು ಗಂಟೆಗೆ ಹೊರಡುತ್ತಿತ್ತು. ಮೂವರಿಗೂ ಉಡುಪಿಯಲ್ಲಿ ಒಟ್ಟಿಗೆ ಸಿಗುವ ಹೊತ್ತು ಅದೊಂದೇ.

ಎರಡನೆಯದು ಜಾಗದ್ದು. ಅದೂ ಸಿಕ್ಕಿತು. ಉಡುಪಿ ಪೇಟೆಯ ಕಡಿಯಾಳಿಯ ಒಂದು ಮದುವೆ ಮಂಟಪದ ಅಡುಗೆ ಭಟ್ಟರು ನನ್ನ ಬಸ್ಸಿನ ಹಳೆಯ ಗಿರಾಕಿ. "ಧನುರ್ಮಾಸ ಅಲ್ವಾ, ಈಗ ಯಾರ ಮದುವೆ ಉಂಟು? ಊಟದ ಹಾಲ್ ಖಾಲಿ ಬಿದ್ದಿದೆ. ಯಜಮಾನರಿಗೆ ನಾನು ಹೇಳುತ್ತೇನೆ. ಆದರೆ ನನ್ನ ಹಪ್ಪಳ ಒಣಗಿಸಿದಲ್ಲಿ ಕಾಲಿಡಬೇಡಿ" ಎಂದರು.

ಉದ್ದಕ್ಕೆ ಹೋದ ಕೆಂಪು ಸಿಮೆಂಟಿನ ನೆಲ, ಬಲತುದಿಯಲ್ಲಿ ಅಡುಗೆಮನೆಯ ಬಾಗಿಲು. ಮಾಸ್ಟರು ನಮಗೆ ಎರಡು ಕಟಾ ಗೊತ್ತುಮಾಡಿದ್ದರು. ಮೊದಲ ಸುತ್ತಿಗೆ ಟೆಕ್ಕಿ ಶೋದಾನ್, ಎರಡನೆಯದಕ್ಕೆ ನೆಗೆತ ಇರುವ ಹೇಯಾನ್ ಗೋದಾನ್. ಟೆಕ್ಕಿಯಲ್ಲಿ ಮುಂದಕ್ಕೂ ಹೋಗುವುದಿಲ್ಲ, ಹಿಂದಕ್ಕೂ ಹೋಗುವುದಿಲ್ಲ. ಕುದುರೆ ಏರಿದವನ ಹಾಗೆ ಮೊಣಕಾಲು ಅಗಲಿಸಿ ಕುಳಿತ ನಿಲುವಿನಲ್ಲೇ ಪಕ್ಕಕ್ಕೆ ಸರಿಯುವುದು. ಮೊದಲು ಬಲಕ್ಕೆ, ಆಮೇಲೆ ಎಡಕ್ಕೆ. ಮೊದಲರ್ಧದಲ್ಲಿ ಬಲಗೈ ಮಾಡಿದ್ದನ್ನು ಎರಡನೆಯರ್ಧದಲ್ಲಿ ಎಡಗೈ ಮಾಡುತ್ತದೆ. ತುಂಬಿದ ಬಸ್ಸಿನಲ್ಲಿ ಕಂಬಿ ಹಿಡಿಯದೆ, ಜನರ ನಡುವೆ ಅಡ್ಡಡ್ಡ ಸರಿದು ಟಿಕೆಟ್ ಕೊಡುವವನಿಗೆ ಇದನ್ನು ಹೊಸದಾಗಿ ಕಲಿಸಬೇಕಾಗಿರಲಿಲ್ಲ. ಬೆಳ್ಮಣ್ಣಿನ ತಿರುವುಗಳೇ ನನಗೆ ಆ ನಿಲುವು ಕಲಿಸಿದ್ದವು. ಜೊತೆಗೆ, ಮೂವರಲ್ಲಿ ಮೊದಲು ಕಂದು ಬೆಲ್ಟ್ ಪಡೆದವನೂ ನಾನೇ ಆದ್ದರಿಂದ, ಮುಂದೆ ನಿಲ್ಲುವವನು ನಾನೇ ಎಂದು ಯಾರೂ ಹೇಳದೆಯೇ ತೀರ್ಮಾನವಾಗಿಬಿಟ್ಟಿತು.

ಅಭ್ಯಾಸದ ಕ್ರಮ ಹೀಗಿತ್ತು. ಮೊದಲು ಒಬ್ಬೊಬ್ಬರೇ ಮೂರು ಸಲ. ಆಮೇಲೆ ಇಬ್ಬಿಬ್ಬರು ಎದುರುಬದುರು ನಿಂತು. ಹಾಲಿನಲ್ಲಿ ಕನ್ನಡಿ ಇರಲಿಲ್ಲವಾದ್ದರಿಂದ ಒಬ್ಬ ಇನ್ನೊಬ್ಬನಿಗೆ ಕನ್ನಡಿ. ಒಬ್ಬ ಬಲಕ್ಕೆ ಹೋದರೆ ಎದುರಿನವನು ಎಡಕ್ಕೆ. ಹೀಗೆ ಕಟಾವನ್ನು ತಿರುಗಾಮುರುಗಾ ಮಾಡುವ ಅಭ್ಯಾಸ ಮೂವರಿಗೂ ಆಯಿತು. ಮೈಯ ಎರಡೂ ಬದಿ ಸಮ ಆಗುತ್ತದೆ ಎಂದು ಮಾಸ್ಟರು ಅದನ್ನು ಮೆಚ್ಚಿದರು. ಕೊನೆಗೆ ಮೂವರೂ ಬೆವರೊರೆಸುವ ಬೈರಾಸನ್ನೇ ಕಣ್ಣಿಗೆ ಕಟ್ಟಿಕೊಂಡು. ಶುರುಮಾಡಿದ ಜಾಗಕ್ಕೇ ಕಟಾ ಮುಗಿಯಬೇಕು. ಹಿಮ್ಮಡಿಯ ಸುತ್ತ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಮುಗಿದ ಮೇಲೆ ಬೈರಾಸು ಬಿಚ್ಚಿ ನೋಡುವುದು. ಕಂಪೋಸಿಟರ್ ಗುರುತಿನ ಮೇಲೆಯೇ ಇರುತ್ತಿದ್ದ. ಅಣ್ಣ ನಾಲ್ಕು ಬೆರಳು ಆಚೆ. ನಾನು ಒಂದು ಗೇಣು. ಅದಕ್ಕಿಂತ ದೊಡ್ಡ ದೋಷ ಕಿವಿಗೆ ಕೇಳುತ್ತಿತ್ತು. ಪಕ್ಕಕ್ಕೆ ಸರಿದು ಕಾಲು ಅಪ್ಪಳಿಸುವಾಗ ಮೂರು ಕಾಲಿನದೂ ಒಂದೇ ಸದ್ದಾಗಬೇಕು. ನಮ್ಮದು ತೆಂಗಿನಕಾಯಿ ರಾಶಿ ಜಾರಿದ ಹಾಗೆ ಧಡ್, ಧಡಧಡ್.

"ನೀನು ಓಡುತ್ತಿ" ಎಂದ ಕಂಪೋಸಿಟರ್.

"ನೀವು ಹಿಂದೆ ಬೀಳುತ್ತೀರಿ. ನನ್ನ ಟೈಮಿಂಗ್ ತಪ್ಪುವುದಿಲ್ಲ ಮಾರಾಯ" ಎಂದೆ.

ಅದು ಸುಳ್ಳೂ ಅಲ್ಲ. ನಮ್ಮ ಖಾಸಗಿ ಬಸ್ಸುಗಳಲ್ಲಿ ನಿಮಿಷವೇ ದೇವರು. ಹಿಂದಿನ ಬಸ್ಸು ಎರಡು ನಿಮಿಷಕ್ಕೆ ಬಂದು ಹಾರನ್ ಹೊಡೆಯುತ್ತದೆ. ಅಜ್ಜಿ ಹತ್ತುವ ಮೊದಲೇ ಸೀಟಿ ಊದುವ ಕೆಲಸ ನನ್ನದು. ಹೊರಡುವುದು ಅಭ್ಯಾಸವಾಗಿತ್ತೇ ಹೊರತು ಕಾಯುವುದು ಆಗಿರಲಿಲ್ಲ. ಅದು ಆಗ ನನಗೆ ಗೊತ್ತಿರಲಿಲ್ಲ. ಕಂಪೋಸಿಟರ್ ಪುಸ್ತಕದ ಕನ್ನಡದಲ್ಲಿ, "ತಾವು ಮುಂದಿರುವುದರಿಂದ ತಮ್ಮ ದೋಷವು ತಮಗೆ ಕಾಣುವುದಿಲ್ಲ" ಎಂದ. ಎರಡು ದಿನ ನಾವು ಮಾತಾಡಲಿಲ್ಲ. ಅಣ್ಣ ನಡುವೆ ನಿಂತು, "ಎಂತ ನಿಮ್ಮದು, ಗುಳ್ಳದ ಮುಳ್ಳಿಗಿಂತ ಕಷ್ಟ" ಎಂದು ನಗುತ್ತಿದ್ದರು.

ಮಕರ ಸಂಕ್ರಾಂತಿಯ ಹಿಂದಿನ ಭಾನುವಾರ ಮಾಸ್ಟರು ಹಾಲಿಗೆ ಬಂದು, ಬೆಂಚಿನ ಮೇಲೆ ಕೂತು, ಎರಡೂ ಕಟಾ ನೋಡಿದರು.

"ಮೂರು ಒಳ್ಳೆಯ ಕಟಾ ನೋಡಿದೆ" ಎಂದರು. "ನಾನು ಬಂದದ್ದು ಒಂದನ್ನು ನೋಡಲಿಕ್ಕೆ. ಹೀಗೇ ಇದ್ದರೆ ನಿಮ್ಮ ಹೆಸರು ಕಳುಹಿಸುವುದಿಲ್ಲ. ಹತ್ತು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತೇನೆ."

ಎಲ್ಲಿ ತಪ್ಪು ಎಂದು ಅವರು ಹೇಳಲಿಲ್ಲ. ಹೇಳಿದ್ದರೆ ನಾನು ವಾದ ಮಾಡುತ್ತಿದ್ದೆನೋ ಏನೋ.

ಸಂಕ್ರಾಂತಿ ಕಳೆದದ್ದೇ ಮದುವೆಗಳು ಶುರು. ಬುಧವಾರ ನಾವು ಹೋಗುವಾಗ ಹಾಲಿನ ತುಂಬ ಜನ, ವಾಲಗ, ಮಲ್ಲಿಗೆಯ ಘಮ. ಹಿತ್ತಲಿನಲ್ಲಿ ಅಭ್ಯಾಸ ಮಾಡೋಣವೆಂದರೆ ಅಲ್ಲಿ ಒಲೆಗಳು. ಮೂವರೂ ಬಾವಿಕಟ್ಟೆಯ ಹತ್ತಿರ ಮುಖ ಸಪ್ಪಗೆ ಮಾಡಿ ನಿಂತಿದ್ದೆವು. ಭಟ್ಟರು ಕಂಡರು.

"ಎಂತ, ಶ್ರಾದ್ಧಕ್ಕೆ ಬಂದವರ ಹಾಗೆ ನಿಂತಿದ್ದೀರಿ? ಮೊದಲ ಹಂತಿಯಲ್ಲೇ ಕೂತುಬಿಡಿ. ಬಸ್ಸಿಗೆ ಹೊತ್ತಾಗುವುದಿಲ್ಲ."

ಬಾಳೆ ಎಲೆಗಳ ಉದ್ದ ಸಾಲಿನಲ್ಲಿ ನಾವೂ ಕೂತೆವು. ಸಾರು, ಸಾಂಬಾರು, ಗುಳ್ಳದ ಹುಳಿ. ಅಣ್ಣನದೇ ಗುಳ್ಳ ಇದ್ದಿರಬೇಕು, ಅವರು ಬಹಳ ಹೊತ್ತು ಅದನ್ನೇ ನೋಡುತ್ತಿದ್ದರು. ಪಾಯಸ ಸೊರ್ರನೆ ಕುಡಿದು, ಮಜ್ಜಿಗೆ ಅನ್ನ ಮುಗಿಸಿ, ನಾನು ಗಡಿಯಾರ ನೋಡಿ ಏಳಲು ಹೊರಟೆ. ಅಣ್ಣ ಇನ್ನೂ ಸಾಂಬಾರಿನಲ್ಲಿದ್ದರು.

"ಕೂತ್ಕೊಳ್ಳಿ!" ಭಟ್ಟರು ಸೌಟು ಹಿಡಿದುಕೊಂಡೇ ಗದರಿಸಿದರು. "ಹಂತಿಯಲ್ಲಿ ಕೂತವರು ಒಟ್ಟಿಗೆ ಏಳಬೇಕು. ಇಷ್ಟೂ ಗೊತ್ತಿಲ್ವಾ?"

ನಾನು ನಾಚಿ ಕೂತೆ. ಅವರು ಬಗ್ಗಿ ನನ್ನ ಎಲೆಗೆ ಇನ್ನೊಂದು ಸೌಟು ಪಾಯಸ ಹಾಕುತ್ತ ಮೆಲ್ಲಗೆ ಹೇಳಿದರು, "ನಿಮ್ಮ ಕರಾಟೆಯಲ್ಲೂ ಇದೇ ಮಾರಾಯ್ರೆ. ನಾನು ಒಳಗೆ ಹಪ್ಪಳ ಒತ್ತುವಾಗ ಕೇಳುತ್ತೇನೆ. ಮೂರು ಸದ್ದು ಬರುತ್ತದೆ. ಮೊದಲಿನದು ಯಾವಾಗಲೂ ನಿಮ್ಮದು. ಹಂತಿಯ ತಲೆಯಲ್ಲಿ ಅವಸರದವರನ್ನು ಕೂರಿಸಿದರೆ ಉಳಿದವರ ಊಟ ಕೆಡುತ್ತದೆ."

ಪಕ್ಕದಲ್ಲಿ ಕಂಪೋಸಿಟರ್ ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದ. ಅವನ ಭುಜ ನಗುವಿಗೆ ಕುಲುಕುತ್ತಿತ್ತು. ನನಗೆ ಮೊದಲು ಸಿಟ್ಟು ಬಂತು. ಆಮೇಲೆ ಅಣ್ಣನನ್ನು ನೋಡಿದೆ. ಸುತ್ತ ಇಷ್ಟು ಗಲಾಟೆ ಇದ್ದರೂ ಅವರ ಕೈ ಎಲೆಯಿಂದ ಬಾಯಿಗೆ ಒಂದೇ ಗತಿಯಲ್ಲಿ ಹೋಗಿ ಬರುತ್ತಿತ್ತು. ನಾನು ಎಷ್ಟು ಸಲ ಸೀಟಿ ಊದಿದರೂ ಅವರ ಬುಟ್ಟಿ ಟಾಪಿನಿಂದ ಇಳಿಯುತ್ತಿದ್ದದ್ದೂ ಇದೇ ಗತಿಯಲ್ಲಿ. ಎಲೆಯ ಮುಂದೆ ಕೂತೇ ನಿರ್ಧಾರ ಮಾಡಿದೆ.

ಬಸ್ಸಿನಲ್ಲಿ ಕಟಪಾಡಿಗೆ ಟಿಕೆಟ್ ಹರಿದು ಕೊಡುತ್ತ ಹೇಳಿದೆ, "ಅಣ್ಣ, ನಾಳೆಯಿಂದ ನೀವು ಮುಂದೆ ನಿಲ್ಲಬೇಕು."

"ನಾನಾ?" ಅವರು ಗಾಬರಿಯಾದರು. "ಸೀನಿಯರ್ ನೀನು. ಕಟಾದ ಹೆಸರು ಕೂಗುವುದು ಕೂಡ ಮುಂದಿನವನೇ ಅಲ್ವಾ? ನನಗೆ ಹತ್ತು ಜನರ ಎದುರು ಸ್ವರ ಹೊರಡುವುದಿಲ್ಲ."

"ಗದ್ದೆಗೆ ದನ ಹೊಕ್ಕರೆ ಹೇಗೆ ಕೂಗುತ್ತೀರಿ?"

"ಅದು ಬೇರೆ."

"ಅದೇ ಸ್ವರ ಸಾಕು."

ಮಾಸ್ಟರಿಗೆ ಹೇಳಿದಾಗ ಅವರು ನನ್ನ ಮುಖವನ್ನೇ ನೋಡಿದರು. "ನೀನಾಗಿಯೇ ಹೇಳುತ್ತಿದ್ದೀಯಾ?" ಎಂದರು. ಹೌದೆಂದೆ. "ಸರಿ" ಎಂದರು. ಅಷ್ಟೇ. ಆದರೆ ಮಾರನೆಯ ದಿನ ಬ್ಯಾಂಕಿನ ಊಟದ ಬಿಡುವಿನಲ್ಲಿ ಅವರೇ ಕಡಿಯಾಳಿಗೆ ನಡೆದು ಬಂದರು.

ಮೊದಲ ಎರಡು ದಿನ ಮೊದಲಿಗಿಂತ ಕಡೆ. ಹಿಂದೆ ನಿಂತ ನನ್ನ ಕಾಲು ಹಗ್ಗ ಕಟ್ಟಿದ ಹೋರಿಯ ಹಾಗೆ ಜಗ್ಗುತ್ತಿತ್ತು. "ಕಾಲು ನೋಡಬೇಡ, ಕೈ ನೋಡಬೇಡ" ಎಂದರು ಮಾಸ್ಟರು. "ಅವರ ಬೆನ್ನು ನೋಡು. ಮನುಷ್ಯ ಹೊರಡುವ ಮೊದಲು ಉಸಿರು ಹೊರಡುತ್ತದೆ." ನೋಡಿದೆ. ಒದ್ದೆಯಾದ ಬಿಳಿ ಅಂಗಿ ಅಣ್ಣನ ಭುಜಗಳ ನಡುವೆ ಅಂಟಿಕೊಂಡಿತ್ತು. ಅವರು ಸರಿಯುವ ಮೊದಲು ಅಲ್ಲೊಂದು ನೆರಿಗೆ ಏಳುತ್ತಿತ್ತು, ಕೂಡಲೇ ಮಲಗುತ್ತಿತ್ತು. ಅದು ಮಲಗುವಾಗ ನಾನೂ ಉಸಿರು ಬಿಟ್ಟರೆ ಕಾಲು ತಾನಾಗಿ ಹೊರಡುತ್ತಿತ್ತು. ಕಂಪೋಸಿಟರನಿಗೆ ನಾನು ಹೇಳಬೇಕಾಗಲಿಲ್ಲ. ಅವನು ಮೊದಲಿನಿಂದಲೂ ನನ್ನ ಬೆನ್ನಿನಲ್ಲಿ ಆ ನೆರಿಗೆ ಹುಡುಕಿ ಸೋತವನು.

ಮದುವೆ ಇಲ್ಲದ ದಿನ ಮಾತ್ರ ಹಾಲ್ ಸಿಗುತ್ತಿತ್ತು. ಅಂಥ ನಾಲ್ಕನೆಯ ದಿನ ಟೆಕ್ಕಿಯ ಮೊದಲ ಕಾಲು ಬಿದ್ದಾಗ ಹಾಲಿನಲ್ಲಿ ಒಂದೇ ಒಂದು ಧಡ್ ಕೇಳಿತು. ನಾವು ಬೆದರಿ ನಿಂತುಬಿಟ್ಟೆವು. ಒಳಗಿನಿಂದ ಭಟ್ಟರು ಓಡಿ ಬಂದರು.

"ಉಳಿದಿಬ್ಬರು ಬರಲಿಲ್ವಾ?" ಎಂದು ಕೇಳಿ, ಮೂವರನ್ನೂ ಕಂಡು ಬಾಯಿ ತೆರೆದು ನಿಂತರು.

ನಾವು ನಕ್ಕ ನಗುವಿಗೆ ಆ ದಿನ ಬೇರೆ ಅಭ್ಯಾಸವೇ ಆಗಲಿಲ್ಲ. ಮಾಸ್ಟರು ಹೇಳಿದ ಹತ್ತನೆಯ ದಿನ ಬಂದು ನೋಡಿ, ಅರ್ಜಿ ತೆಗೆದು ಮೂವರ ಹೆಸರು ಬರೆದರು.

ರಜೆ ಕೇಳಲು ಬಸ್ಸಿನ ಧಣಿಗಳ ಮನೆಗೆ ಹೋದೆ. ಭಾನುವಾರ ಕಾರ್ಕಳದಿಂದ ಜನ ಹೆಚ್ಚು.

"ಕರಾಟೆ ಎಂದರೆ ಎಂತ? ಪ್ಯಾಸೆಂಜರಿಗೆ ಹೊಡೆಯಲಿಕ್ಕಾ?" ಎಂದರು.

"ಇಲ್ಲ ಧಣಿ. ಇದರಲ್ಲಿ ಯಾರಿಗೂ ಹೊಡೆಯಲಿಕ್ಕಿಲ್ಲ."

"ಯಾರಿಗೂ ಹೊಡೆಯದಿದ್ದರೆ ಗೆಲ್ಲುವುದು ಹೇಗೆ?"

ನಾನು ಅಂಗಳದಲ್ಲೇ ಟೆಕ್ಕಿಯ ಮೊದಲರ್ಧ ಮಾಡಿ ತೋರಿಸಿದೆ. ಅವರು ಎಲೆಯಡಿಕೆ ಜಗಿಯುತ್ತ ನೋಡಿ, "ಇದು ನೀನು ನನ್ನ ಬಸ್ಸಿನಲ್ಲಿ ದಿನಾ ಮಾಡುವುದೇ ಅಲ್ವಾ? ಹೋಗು, ಹೋಗು" ಎಂದರು.

ಮಣಿಪಾಲದ ಹಾಲ್ ದೊಡ್ಡದು, ಮರದ ನೆಲ. ಒಟ್ಟು ನಾಲ್ಕು ತಂಡ. ಐವರು ತೀರ್ಪುಗಾರರು ಅಂಕದ ಹಲಗೆ ಎತ್ತುತ್ತಾರೆ, ಅತಿ ಹೆಚ್ಚು ಮತ್ತು ಅತಿ ಕಡಿಮೆ ಬಿಟ್ಟು ಉಳಿದ ಮೂರನ್ನು ಕೂಡಿಸುತ್ತಾರೆ, ಎರಡು ಸುತ್ತಿನ ಒಟ್ಟು ಮೊತ್ತ ನೋಡುತ್ತಾರೆ. ಸಮವಾದರೆ ಮುಖ್ಯ ತೀರ್ಪುಗಾರರ ತೀರ್ಮಾನ. ಅವರು ಬೇರೆ ಜಿಲ್ಲೆಯಿಂದ ಬಂದ, ನರೆತ ಮೀಸೆಯ ಹಿರಿಯರು. ಮಂಗಳೂರಿನ ತಂಡ ನಮಗಿಂತ ಮೊದಲು ಮಾಡಿತು. ಚಾಕುವಿನ ಹಾಗೆ ಹರಿತ. ನಮ್ಮ ಸರದಿ ಬಂತು.

ಅಣ್ಣ ಮುಂದೆ ನಿಂತರು. "ಟೆಕ್ಕಿ ಶೋದಾನ್!" ಎಂದು ಕೂಗಿದ ಸ್ವರಕ್ಕೆ ಮಟ್ಟುವಿನ ದನಗಳೆಲ್ಲ ಬೇಲಿ ಹಾರುತ್ತಿದ್ದವು. ಬೆನ್ನಿನ ನೆರಿಗೆ ಎದ್ದಿತು, ಮಲಗಿತು. ಕಾಲು ಹೊರಟಿತು.

ಎಡಕ್ಕೆ.

ಟೆಕ್ಕಿ ಬಲಕ್ಕೆ ಶುರುವಾಗಬೇಕು. ಅಣ್ಣ ಎಡಕ್ಕೆ ಹೋದರು, ನಾನೂ ಎಡಕ್ಕೆ ಹೋದೆ, ಕಂಪೋಸಿಟರನೂ ಎಡಕ್ಕೆ ಹೋದ. ಒಂದೇ ಧಡ್. ನನಗೆ ತಪ್ಪು ತಿಳಿದದ್ದು ಮೂರನೆಯ ಏಟಿನಲ್ಲಿ, ಎಡಗೈ ಇರಬೇಕಾದಲ್ಲಿ ಬಲಗೈ ಕಂಡಾಗ. ಆಗ ನಿಲ್ಲುವಂತಿಲ್ಲ. ಎದುರುಬದುರು ನಿಂತು ಮಾಡಿದ ಅಭ್ಯಾಸ ಮೈಯಲ್ಲಿ ಇತ್ತು. ಇಡೀ ಕಟಾ ಕನ್ನಡಿಯೊಳಗಿನ ಬಿಂಬದ ಹಾಗೆ ತಿರುಗಾಮುರುಗಾ ನಡೆದು, ಶುರುವಾದ ಜಾಗಕ್ಕೇ ಬಂದು ಮುಗಿಯಿತು. ನಾವು ಬಗ್ಗಿ ವಂದಿಸಿದೆವು. ಮಾಸ್ಟರು ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದರು.

ತೀರ್ಪುಗಾರರು ಒಟ್ಟುಗೂಡಿದರು. ಒಬ್ಬರು ತಂಡವನ್ನೇ ಕೈಬಿಡಬೇಕೆಂದು ಕೈ ಆಡಿಸುತ್ತಿದ್ದದ್ದು ದೂರದಿಂದಲೇ ಕಾಣುತ್ತಿತ್ತು. ಕೊನೆಗೆ, ಕಟಾ ನಿಲ್ಲಲಿಲ್ಲ, ಬೇರೆ ಕಟಾ ಆಗಲಿಲ್ಲ, ದಿಕ್ಕು ಮಾತ್ರ ತಪ್ಪಿತು, ಹಾಗಾಗಿ ಅಂಕ ಕಡಿತ ಎಂದು ತೀರ್ಮಾನವಾಯಿತು. ನಾವು ಮೂರನೆಯ ಸ್ಥಾನಕ್ಕೆ ಇಳಿದೆವು.

"ಬಾಗಿಲು ಮಾರಾಯ, ಬಾಗಿಲು" ಎಂದರು ಅಣ್ಣ, ಹಣೆ ಹಿಡಿದುಕೊಂಡು. "ಕಡಿಯಾಳಿಯಲ್ಲಿ ಬಾಗಿಲು ಬಲಕ್ಕೆ. ಇಲ್ಲಿ ಎಡಕ್ಕೆ. ನಾನು ಬಾಗಿಲಿನ ಕಡೆಗೆ ಹೋದೆ."

ಕಂಪೋಸಿಟರ್ ಮೊದಲು ನಕ್ಕ. ಆಮೇಲೆ ನಾನು. ಕೊನೆಗೆ ಅಣ್ಣನೂ. ಕಳೆದುಕೊಳ್ಳಲು ಇನ್ನೇನೂ ಇಲ್ಲವೆಂದು ಮೈ ಹಗುರಾಯಿತು. ಆ ನಗುವಿನಲ್ಲೇ ಎರಡನೆಯ ಸುತ್ತಿಗೆ ಹೋದೆವು. ಹೇಯಾನ್ ಗೋದಾನಿನ ನೆಗೆತದಲ್ಲಿ ಮೂವರೂ ಒಟ್ಟಿಗೆ ನೆಲ ಬಿಟ್ಟು ಒಟ್ಟಿಗೆ ಇಳಿದೆವು. ಇಳಿದ ಸದ್ದಿಗೆ ಹಿಂದಿನ ಸಾಲಿನವರು ಎದ್ದು ನಿಂತರು. ಹಲಗೆಗಳು ಮೇಲೇರಿದವು. ಅಂಕ ಬರೆಯುತ್ತಿದ್ದವನು ಕೂಡಿಸಿ, ಮತ್ತೊಮ್ಮೆ ಕೂಡಿಸಿ, ಮೊದಲ ಸ್ಥಾನಕ್ಕೆ ಮಂಗಳೂರಿನವರದ್ದೂ ನಮ್ಮದೂ ಸಮ ಎಂದ.

ನರೆತ ಮೀಸೆಯ ಹಿರಿಯರು ನಮ್ಮ ಮೂವರನ್ನು ಕರೆದರು.

"ಮುಂದಿನವರು ತಪ್ಪಿದರು, ಅದು ಗೊತ್ತಾಯಿತು. ಹಿಂದಿನ ನೀವಿಬ್ಬರು ಯಾಕೆ ತಪ್ಪಿದಿರಿ? ನಿಮಗೆ ಬಲ ಎಡ ಗೊತ್ತಿಲ್ಲವೇ?"

"ಗೊತ್ತುಂಟು ಸಾರ್" ಎಂದೆ. "ಅವರು ಹೋದರು. ನಾವೂ ಹೋದೆವು. ತಪ್ಪೆಂದು ಗೊತ್ತಾದದ್ದು ಆಮೇಲೆ."

"ಎಷ್ಟು ಆಮೇಲೆ?"

"ಮೂರು ಏಟು ಆದ ಮೇಲೆ" ಎಂದ ಕಂಪೋಸಿಟರ್.

ಹಿರಿಯರು ಮೀಸೆಯ ಕೆಳಗೆ ನಕ್ಕರು. ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಹೇಳಿದರು, "ಇದು ಪದಕದ ಸ್ಪರ್ಧೆಯಲ್ಲ, ತಂಡದ ಆಯ್ಕೆ. ಬಲ ಎಡವನ್ನು ಶಿಬಿರದಲ್ಲಿ ಒಂದು ತಿಂಗಳಲ್ಲಿ ಸರಿಮಾಡಬಹುದು. ಇವರು ತಪ್ಪಿದ ರೀತಿಯನ್ನು ಒಂದು ತಿಂಗಳಲ್ಲಿ ಕಲಿಸಲಿಕ್ಕೆ ನನ್ನಿಂದ ಆಗುವುದಿಲ್ಲ." ಆಮೇಲೆ ನಮ್ಮ ಹೆಸರು ಓದಿದರು.

ಮಾಸ್ಟರು ಬಂದು ಮೂವರ ಕೈಯನ್ನೂ ಹಿಡಿದರು. ಆಗಲೂ ಸ್ವರ ಬದಲಾಗಲಿಲ್ಲ. ಆದರೆ ನನ್ನ ಕೈ ಬಿಡಲು ಮರೆತರು.

ಮಂಗಳೂರಿನ ತಂಡದ ನಾಯಕ ದೂರದಲ್ಲಿ ಬೆಲ್ಟ್ ಮಡಚುತ್ತಿದ್ದ. ಅವನ ಮುಖ ನೋಡಲು ನನಗೆ ಸಂಕೋಚವಾಯಿತು. ಅವನೇ ನೇರ ನಮ್ಮ ಹತ್ತಿರ ಬಂದ.

"ನಾವು ಒಳಗೊಳಗೆ ಎಣಿಸುತ್ತೇವೆ" ಎಂದ. "ನೀವು ಎಣಿಸುವುದಿಲ್ಲ ಅಲ್ವಾ? ಎಣಿಸಿದ್ದರೆ ಎಡಕ್ಕೆ ಹೋಗುತ್ತಿರಲಿಲ್ಲ. ಎಂತ ನೋಡಿ ಹೊರಡುತ್ತೀರಿ? ಸ್ವಲ್ಪ ತೋರಿಸಿ ಮಾರಾಯ್ರೆ."

ಕುರ್ಚಿಗಳನ್ನು ಎತ್ತಿಡುತ್ತಿದ್ದ ಹಾಲಿನಲ್ಲಿ ಅಣ್ಣ ಮತ್ತೆ ಮುಂದೆ ನಿಂತರು. ಅವರ ಹಿಂದೆ ಈಗ ಮಂಗಳೂರಿನ ಮೂವರೂ ಸೇರಿ ಐವರು. ಅಣ್ಣನ ಬೆನ್ನಿನಲ್ಲಿ ಏನನ್ನು ನೋಡಬೇಕೆಂದು ನಾನು ಬೆರಳಿಟ್ಟು ತೋರಿಸಿದೆ. ಕಚಗುಳಿಯಾಗಿ ಅವರು ಕುಣಿದರು. ಎಲ್ಲರೂ ನಕ್ಕು ಮುಗಿಯುವವರೆಗೆ ಕಾದೆವು. ಮೊದಲ ಸಲ ಆರು ಸದ್ದು ಬಂತು. ಎರಡನೆಯ ಸಲ ನಾಲ್ಕು. ಬೀಗದ ಕೈ ಹಿಡಿದು ನಿಂತ ವಾಚ್‌ಮನ್, "ಆಯ್ಕೆ ಮುಗಿಯಿತಲ್ಲ, ಇನ್ನು ಎಂತ ಉಂಟು?" ಎಂದು ಕೇಳಿದ.

"ಇನ್ನೊಂದೇ ಸಲ" ಎಂದ ಮಂಗಳೂರಿನ ನಾಯಕ, ಅಣ್ಣನ ಬೆನ್ನಿನಿಂದ ಕಣ್ಣು ತೆಗೆಯದೆ.